ಹೆಬ್ಬೆರಳು ಹೋದ ಮೇಲೆ ಹೆದೆ ಹಿಡಿದ ಬಗೆ

1

ಚಿಕ್ಕೋಡಿ ಭಾಗದ ಒಂದು ಪದವಿ ಕಾಲೇಜಿನಲ್ಲಿ ಕುವೆಂಪು ಅವರ ‘ಬೆರಳ್ಗೆ ಕೊರಳ್’ ನಾಟಕವನ್ನು ಪಾಠ ಮಾಡುತ್ತಿದ್ದೆ. ಏಕಲವ್ಯ ಹೆಬ್ಬೆರಳು ಕತ್ತರಿಸಿ ಕೊಟ್ಟದ್ದಾಯಿತು, ತಾಯಿಯ ಸಂಕಟದ ಮಾತಾಯಿತು, ಅನ್ಯಾಯ ಎಂಬ ಪದವನ್ನು ನಾನು ನಾಕೈದು ಸಲ ಬಳಸಿದ್ದೂ ಆಯಿತು. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. ಅಥಣಿ ಕಡೆಯವನು, ಮನೆಯಲ್ಲಿ ಚಪ್ಪಲಿ ಮಾಡುತ್ತಾರೆ. ‘ಸರ್ರ, ಹೆಬ್ಬಟ್ಟ ಇಲ್ದ ಬಾಣಾ ಬಿಡಾಕ ಬರೂದ ಇಲ್ಲೇನ್ರಿ? ಟೀವ್ಯಾಗ ಒಲಿಂಪಿಕ್ ತೋರಸ್ತಾರಲ್ರಿ, ಅವ್ರು ಮೂರ ಬಳ್ಳೀಲೆ ಜಗ್ತಾರ. ಹೆಬ್ಬಟ್ಟ ಖಾಲಿನ ಇರ್ತೈತಿ’ ಅಂದ. ಕ್ಲಾಸು ನಕ್ಕಿತು. ನಾನೂ ನಕ್ಕೆ. ನಗುವುದು ಬಿಟ್ಟು ನನ್ನ ಹತ್ತಿರ ಬೇರೆ ಉತ್ತರ ಇರಲಿಲ್ಲ.

ಎಂ.ಎ. ಓದುವಾಗ ಏಕಲವ್ಯನ ಬಗ್ಗೆ ನಾನು ಎರಡು ಸೆಮಿನಾರು ಮಂಡಿಸಿದ್ದೇನೆ. ‘ಹೆಬ್ಬೆರಳ ರಾಜಕಾರಣ’ ಎಂಬ ಹೆಸರನ್ನೂ ಇಟ್ಟಿದ್ದೆ. ಆದರೆ ಹೆದೆಯನ್ನು ಯಾವ ಬೆರಳಿನಿಂದ ಹಿಡಿಯುತ್ತಾರೆ ಎಂಬುದನ್ನು ಒಂದು ದಿನವೂ ಕೇಳಿಕೊಂಡಿರಲಿಲ್ಲ. ನಮ್ಮ ವಿಮರ್ಶೆಗೆ ಹೆಬ್ಬೆರಳು ಒಂದು ರೂಪಕ, ಆ ಹುಡುಗನಿಗೆ ಅದು ಒಂದು ಬೆರಳು. ರಂಪಿಗೆ ಹಿಡಿದು ತೊಗಲು ಕೊಯ್ಯುವ ಮನೆಯವನಿಗೆ ಯಾವ ಕೆಲಸಕ್ಕೆ ಯಾವ ಬೆರಳು ಬೇಕು ಎಂಬುದು ಗೊತ್ತಿರುತ್ತದೆ. ನನ್ನ ಈ ಲೇಖನ ಅವನ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

2

ಹೆದೆ ಹಿಡಿಯುವ ಬಗೆ ಜಗತ್ತಿನಲ್ಲಿ ಒಂದೇ ಇಲ್ಲ. ಮುಖ್ಯವಾಗಿ ಮೂರನ್ನು ಹೇಳಬಹುದು. ಒಂದು ಚಿವುಟು ಹಿಡಿತ. ಬಾಣದ ಹಿಂದಿನ ತುದಿಯನ್ನೇ ಹೆಬ್ಬೆರಳು ಮತ್ತು ಮಡಚಿದ ತೋರುಬೆರಳಿನ ನಡುವೆ ಚಿವುಟಿ ಎಳೆಯುವುದು. ಹಗುರ ಬಿಲ್ಲಿಗೆ ಇದು ಸಾಕು, ಬಿಗಿ ಬಿಲ್ಲಿಗೆ ಸಾಲದು. ಕೈಗೆ ಬಿದಿರ ಬಿಲ್ಲು ಸಿಕ್ಕ ಮಕ್ಕಳು ಯಾರೂ ಹೇಳಿಕೊಡದೆ ಹಿಡಿಯುವುದು ಹೀಗೇ.

ಎರಡನೆಯದು ಮೂರು ಬೆರಳ ಹಿಡಿತ. ತೋರುಬೆರಳು ಬಾಣದ ಮೇಲೆ, ನಡುಬೆರಳು ಉಂಗುರಬೆರಳು ಬಾಣದ ಕೆಳಗೆ. ಹೆದೆಯ ಭಾರ ಮೂರಕ್ಕೂ ಹಂಚಿಹೋಗುತ್ತದೆ, ಹೆಬ್ಬೆರಳು ಅಂಗೈ ಕಡೆ ಸುಮ್ಮನೆ ಮಡಚಿಕೊಂಡಿರುತ್ತದೆ. ಯುರೋಪಿನ ಬಿಲ್ಲುಗಾರರು ಬಳಸಿದ್ದು ಇದನ್ನು. ಇವತ್ತಿನ ಒಲಿಂಪಿಕ್ಸಿನಲ್ಲಿ ನಮ್ಮ ಹುಡುಗ ಟೀವಿಯಲ್ಲಿ ನೋಡಿದ್ದೂ ಇದೇ.

ಮೂರನೆಯದು ಹೆಬ್ಬೆರಳ ಹಿಡಿತ. ಹೆಬ್ಬೆರಳನ್ನು ಕೊಕ್ಕೆಯಂತೆ ಬಾಗಿಸಿ ಹೆದೆಗೆ ಹಾಕಿ, ಅದರ ಉಗುರಿನ ಮೇಲೆ ತೋರುಬೆರಳನ್ನು ಚಿಲಕದಂತೆ ಒತ್ತುವುದು. ಮಂಗೋಲರು, ತುರ್ಕರು, ಚೀನೀಯರು, ಪರ್ಶಿಯನ್ನರು ಹೀಗೆ ಎಳೆದರು. ಬೆರಳು ಕೊಯ್ಯದಂತೆ ಕೊಂಬಿನ, ಎಲುಬಿನ, ಕಲ್ಲಿನ ಉಂಗುರ ತೊಟ್ಟರು. ಮೊಗಲರ ಪಚ್ಚೆಗಲ್ಲಿನ ಹೆಬ್ಬೆರಳುಂಗುರಗಳು ಈಗ ಮ್ಯೂಸಿಯಮ್ಮುಗಳಲ್ಲಿವೆ. ಹೆದೆ ಒಂದೇ ಬೆರಳಿನಿಂದ ಜಾರುವುದರಿಂದ ಬಾಣ ತಡೆಯಿಲ್ಲದೆ ಬಿಡುಗಡೆಯಾಗುತ್ತದೆ, ಮುಂದಿನ ಬಾಣ ಹೂಡುವುದೂ ಬೇಗ. ಗಿಡ್ಡ ಬಿಲ್ಲಿಗೆ, ಕುದುರೆ ಮೇಲಿನ ಕಾಳಗಕ್ಕೆ ಹೇಳಿ ಮಾಡಿಸಿದ ಹಿಡಿತ ಇದು. ನಮ್ಮ ಧನುರ್ವೇದದ ಗ್ರಂಥಗಳು ಪತಾಕ, ವಜ್ರಮುಷ್ಟಿ, ಸಿಂಹಕರ್ಣ, ಮತ್ಸರಿ, ಕಾಕತುಂಡಿ ಎಂದು ಐದು ಮುಷ್ಟಿಗಳನ್ನು ಹೇಳುತ್ತವೆ. ಹೆಬ್ಬೆರಳು ತೋರುಬೆರಳು ಹೇಗೆ ಕೂಡುತ್ತವೆ ಎಂಬುದರ ಮೇಲೆಯೇ ಈ ವಿಂಗಡಣೆ ನಿಂತಿದೆ. ಅಂದರೆ ದ್ರೋಣನ ಗರಡಿಯ ವಿದ್ಯೆ ಹೆಬ್ಬೆರಳ ವಿದ್ಯೆ ಎಂದು ಊಹಿಸಲು ಅಡ್ಡಿಯಿಲ್ಲ.

ಇಲ್ಲಿ ಇನ್ನೊಂದು ಮಾತು ಗಮನಿಸಬೇಕು. ಹಿಡಿತ ಬದಲಾದರೆ ಬೆರಳು ಮಾತ್ರ ಬದಲಾಗುವುದಿಲ್ಲ. ಬಲಗೈಯವನು ಹೆಬ್ಬೆರಳಲ್ಲಿ ಎಳೆದರೆ ಬಾಣ ಬಿಲ್ಲಿನ ಬಲಕ್ಕೆ ಕೂರುತ್ತದೆ, ಮೂರು ಬೆರಳಲ್ಲಿ ಎಳೆದರೆ ಎಡಕ್ಕೆ. ಹೂಡುವ ಬಗೆ, ಮಣಿಕಟ್ಟಿನ ತಿರುವು, ಬಿಡುವ ಬಗೆ ಎಲ್ಲವೂ ಬೇರೆಯಾಗುತ್ತವೆ. ಹಳೆಯ ಕೈ ಮರೆಯಬೇಕು, ಹೊಸ ಕೈ ಕಲಿಯಬೇಕು.

3

ಈಗ ಮಹಾಭಾರತದ ಆದಿಪರ್ವಕ್ಕೆ ಬರೋಣ. ನಿಷಾದರ ದೊರೆ ಹಿರಣ್ಯಧನುವಿನ ಮಗ ಏಕಲವ್ಯ ದ್ರೋಣನ ಹತ್ತಿರ ಬಂದ. ನಿಷಾದನೆಂದು ದ್ರೋಣ ಒಲ್ಲೆನೆಂದ. ಕಾಡಿಗೆ ಹೋಗಿ ಮಣ್ಣಿನ ದ್ರೋಣನನ್ನು ಮಾಡಿಕೊಂಡು ಕಲಿತ. ಬೊಗಳುವ ನಾಯಿಯ ಬಾಯಿಗೆ ಏಳು ಬಾಣ ತುಂಬಿದ. ಅರ್ಜುನನ ಹೊಟ್ಟೆ ಉರಿಯಿತು, ದ್ರೋಣ ಬಂದ, ಬಲಗೈ ಹೆಬ್ಬೆರಳು ಕೇಳಿದ, ಇವನು ಕೊಟ್ಟ. ನಮ್ಮ ಶಾಲೆಯ ಪುಸ್ತಕ, ನಮ್ಮ ನಾಟಕ, ನಮ್ಮ ಬಂಡಾಯದ ಭಾಷಣ ಎಲ್ಲವೂ ಇಲ್ಲಿಗೇ ನಿಲ್ಲುತ್ತವೆ.

ಮೂಲ ಇಲ್ಲಿಗೆ ನಿಲ್ಲುವುದಿಲ್ಲ. ಹೆಬ್ಬೆರಳು ಕೊಟ್ಟ ಮೇಲೆ ಏಕಲವ್ಯ ಉಳಿದ ಬೆರಳುಗಳಿಂದ ಹೆದೆ ಎಳೆದ, ಆದರೆ ಮೊದಲಿನ ವೇಗ ಇರಲಿಲ್ಲ ಎಂದು ಅದು ಹೇಳುತ್ತದೆ. ಆ ಮೇಲೆಯೇ ಅರ್ಜುನನ ಜ್ವರ ಇಳಿಯುತ್ತದೆ. ಕಥೆ ಹೇಳಿದವರಿಗೆ ಬಿಲ್ಲಿನ ವಿದ್ಯೆ ಚೆನ್ನಾಗಿ ಗೊತ್ತಿತ್ತು. ನಾಯಿಯ ಬಾಯಿಗೆ ಏಳು ಬಾಣ ಹೊಡೆದದ್ದು ಗುರಿಯ ಪವಾಡವಷ್ಟೇ ಅಲ್ಲ, ಕೈಚಳಕದ ಪವಾಡ. ನಾಯಿ ಬಾಯಿ ಮುಚ್ಚುವುದರೊಳಗೆ ಏಳು ಬಾಣ! ದ್ರೋಣ ಕಸಿದದ್ದು ಸರಿಯಾಗಿ ಅದನ್ನೇ. ಕಣ್ಣು ಕೇಳಲಿಲ್ಲ, ಕೈ ಕೇಳಲಿಲ್ಲ, ಪ್ರಾಣ ಕೇಳಲಿಲ್ಲ. ಯಾವ ಬೆರಳು ಹೋದರೆ ಮನುಷ್ಯ ಬದುಕಿರುತ್ತಾನೆ, ಬಿಲ್ಲು ಹಿಡಿಯುತ್ತಾನೆ, ಆದರೆ ಅರ್ಜುನನಿಗಿಂತ ಹಿಂದೆ ಬೀಳುತ್ತಾನೆ ಎಂಬುದು ಆ ಮೇಷ್ಟ್ರಿಗೆ ತಿಳಿದಿತ್ತು. ಜಾತಿ ವ್ಯವಸ್ಥೆಯ ಜಾಣತನವೂ ಇಷ್ಟೇ: ಕೊಲ್ಲುವುದಿಲ್ಲ, ಹಿಂದೆ ಬೀಳಿಸುತ್ತದೆ. ಆ ಮೇಲೆ ‘ನಿನಗೆ ವೇಗ ಸಾಲದು’ ಅನ್ನುತ್ತದೆ.

ಏಕಲವ್ಯ ಮುಂದೆಯೂ ಬರುತ್ತಾನೆ. ಘಟೋತ್ಕಚ ಸತ್ತ ರಾತ್ರಿ, ದ್ರೋಣಪರ್ವದಲ್ಲಿ, ಕೃಷ್ಣ ಅರ್ಜುನನಿಗೆ ಒಂದು ಲೆಕ್ಕ ಒಪ್ಪಿಸುತ್ತಾನೆ. ಜರಾಸಂಧ, ಶಿಶುಪಾಲರ ಸಾಲಿನಲ್ಲಿ ಏಕಲವ್ಯನ ಹೆಸರೂ ಇದೆ. ಬೆರಳಿಗೆ ಚರ್ಮದ ಕಾಪು ಕಟ್ಟಿಕೊಂಡು ಕಾಡಿನಲ್ಲಿ ತಿರುಗುವ ಆ ನಿಷಾದ ಇನ್ನೊಬ್ಬ ರಾಮನಂತೆ ಕಾಣುತ್ತಿದ್ದ, ಹೆಬ್ಬೆರಳಿದ್ದಿದ್ದರೆ ದೇವತೆಗಳೂ ಅವನನ್ನು ಗೆಲ್ಲುತ್ತಿರಲಿಲ್ಲ, ನಿನ್ನ ಒಳ್ಳೆಯದಕ್ಕಾಗಿ ಅವನನ್ನು ನಾನೇ ಕೊಂದೆ ಎಂಬ ಅರ್ಥದ ಮಾತು ಅಲ್ಲಿದೆ. ಹೆಬ್ಬೆರಳು ಕಿತ್ತುಕೊಂಡ ಮೇಲೂ ಅವನನ್ನು ಕೊಲ್ಲಬೇಕಾಯಿತು ಎಂಬುದು ನಮಗೆ ಮುಖ್ಯ. ಮೂಲೆಗುಂಪಾದವನನ್ನು ಕೊಲ್ಲಲು ಕೃಷ್ಣನೇ ಯಾಕೆ ಬರಬೇಕು? ಉಳಿದ ಬೆರಳುಗಳಿಂದ ಅವನು ಏನನ್ನೋ ಸಾಧಿಸಿದ್ದ. ಆ ಸಾಧನೆಯ ಕಥೆಯನ್ನು ಮಹಾಭಾರತ ಹೇಳಲಿಲ್ಲ. ನಾವೂ ಹೇಳಲಿಲ್ಲ.

4

ಕನ್ನಡದ ಇಬ್ಬರು ದೊಡ್ಡವರು ಈ ಕಥೆಯನ್ನು ಮುಟ್ಟಿದ್ದಾರೆ. ಕೈಲಾಸಂ ಇಂಗ್ಲಿಷಿನಲ್ಲಿ ಬರೆದ ‘ದಿ ಪರ್ಪಸ್’ 1944ರಲ್ಲಿ ಬಂತು. ಅಲ್ಲಿ ಅರ್ಜುನನಿಗೆ ಜಗತ್ತಿನ ಮೊದಲ ಬಿಲ್ಲುಗಾರನಾಗುವ ಆಸೆ, ಏಕಲವ್ಯನಿಗೆ ತೋಳಗಳ ಬಾಯಿಂದ ಜಿಂಕೆಮರಿಗಳನ್ನು ಉಳಿಸುವ ಆಸೆ. ವಿದ್ಯೆ ಯಾತಕ್ಕೆ ಎಂಬ ಪ್ರಶ್ನೆಯನ್ನು ಎತ್ತಿದ್ದು ಕೈಲಾಸಂ ದೊಡ್ಡತನ. ಆದರೆ ಆ ದೊಡ್ಡತನದಲ್ಲಿ ಒಂದು ತೊಡಕಿದೆ. ಕಾಡಿನವನ ಆಸೆ ಪರಿಶುದ್ಧವಾಗಿದ್ದರೆ ಮಾತ್ರ ಅವನಿಗೆ ವಿದ್ಯೆಯ ಹಕ್ಕು ಎಂಬ ಧ್ವನಿ ಅಲ್ಲಿ ಕೇಳುತ್ತದೆ. ಅರ್ಜುನನ ಹಾಗೆ ಬರೀ ಮೊದಲಿಗನಾಗಬೇಕೆಂಬ ಹುಂಬ ಆಸೆ ನಿಷಾದನ ಮಗನಿಗೆ ಇರಬಾರದೇನು? ಇವತ್ತಿಗೂ ನಮ್ಮ ಹುಡುಗರು ‘ಸಮಾಜಸೇವೆ ಮಾಡ್ತೀನ್ರಿ’ ಎಂದರೆ ಸಂದರ್ಶನದಲ್ಲಿ ತಲೆದೂಗುವವರು ‘ದೊಡ್ಡ ಸಾಹೇಬ ಆಗ್ತೀನ್ರಿ’ ಎಂದರೆ ಹುಬ್ಬೇರಿಸುತ್ತಾರೆ.

ಕುವೆಂಪು ಅವರ ‘ಬೆರಳ್ಗೆ ಕೊರಳ್’ 1947ರದು. ಅದಕ್ಕೆ ಮೂರು ವರ್ಷ ಮೊದಲು, 1944ರಲ್ಲಿ, ಅವರು ‘ಶೂದ್ರ ತಪಸ್ವಿ’ ಬರೆದಿದ್ದರು. ಅಲ್ಲಿ ರಾಮನ ಅಸ್ತ್ರವನ್ನು ಶಂಬೂಕನಿಂದ ತಿರುಗಿಸಿ ದೂರು ತಂದ ಬ್ರಾಹ್ಮಣನ ಬೆನ್ನಟ್ಟಿಸಿದರು. ಮಾಸ್ತಿಯವರು ಆಕ್ಷೇಪಿಸಿದರು, ಕುವೆಂಪು ಉತ್ತರಿಸಿದರು, ಕನ್ನಡ ವಿಮರ್ಶೆಯಲ್ಲಿ ಅದು ಪ್ರಸಿದ್ಧ ಜಗಳ. ನನ್ನ ಪ್ರಶ್ನೆ ಇದು. ಶಂಬೂಕನ ಕೊರಳನ್ನು ಉಳಿಸಿದ ಕವಿ ಏಕಲವ್ಯನ ಬೆರಳನ್ನು ಯಾಕೆ ಉಳಿಸಲಿಲ್ಲ? ಕಥೆ ಬದಲಿಸುವ ಧೈರ್ಯವಂತೂ ಅವರಿಗೆ ಕಡಿಮೆ ಇರಲಿಲ್ಲ. ನನಗೆ ತೋಚುವುದು ಹೀಗೆ: ಶಂಬೂಕನನ್ನು ಕೊಲ್ಲಲು ಬಂದದ್ದು ಶಾಸ್ತ್ರ. ಏಕಲವ್ಯನ ಬೆರಳು ಕೇಳಿದ್ದು ಗುರು. ಶಾಸ್ತ್ರವನ್ನು ಎದುರಿಸುವುದು ಕುವೆಂಪು ಅವರಿಗೆ ಸುಲಭ, ಗುರುವನ್ನು ಎದುರಿಸುವುದು ಕಷ್ಟ. ಅದಕ್ಕೇ ನ್ಯಾಯವನ್ನು ತಾಯಿಯ ಶಾಪಕ್ಕೂ ಕರ್ಮದ ಚಕ್ರಕ್ಕೂ ವಹಿಸಿಬಿಟ್ಟರು. ಬೆರಳಿಗೆ ಬದಲು ಕೊರಳು, ಲೆಕ್ಕ ಚುಕ್ತಾ. ನಾಟಕವಾಗಿ ಇದು ಗಂಭೀರವಾದದ್ದೇ, ಆ ತಾಯಿಯ ಸಿಟ್ಟನ್ನು ಕ್ಲಾಸಿನಲ್ಲಿ ಓದುವಾಗ ಇವತ್ತಿಗೂ ನನ್ನ ಗಂಟಲು ಕಟ್ಟುತ್ತದೆ. ಆದರೆ ದ್ರೋಣನ ಕೊರಳು ಬಿದ್ದರೆ ಏಕಲವ್ಯನಿಗೇನು ಬಂತು? ಮರುದಿನ ಬೆಳಿಗ್ಗೆ ಅವನು ಬಿಲ್ಲು ಎತ್ತಿದನೋ ಇಲ್ಲವೋ? ನಾಟಕಕ್ಕೆ ಈ ಕುತೂಹಲವಿಲ್ಲ.

ಆಮೇಲೆ ಬಂದ ದಲಿತ ಬಂಡಾಯ ಕಾವ್ಯಕ್ಕೂ ಈ ಕುತೂಹಲ ಹೆಚ್ಚು ಇರಲಿಲ್ಲ. ಮರಾಠಿಯಲ್ಲೂ ಕನ್ನಡದಲ್ಲೂ ಏಕಲವ್ಯನ ಮೇಲೆ ಕವಿತೆಗಳು ಬಂದವು. ‘ನೀನು ಕೊಡಬಾರದಾಗಿತ್ತು’ ಎಂಬ ಸಿಟ್ಟು, ‘ಈಗ ಕೇಳಿ ನೋಡು’ ಎಂಬ ಸವಾಲು ಅವುಗಳ ಧಾಟಿ. ಆ ಸಿಟ್ಟು ಬೇಕಾಗಿತ್ತು, ಅದರಿಂದಲೇ ನನ್ನಂಥವರು ಕಾಲೇಜಿಗೆ ಬಂದದ್ದು. ಆದರೆ ಕಾಲೇಜು ಮಿಸಲೇನಿಗಳಲ್ಲಿ ಪ್ರತಿ ವರ್ಷ ಒಂದು ಹೆಬ್ಬೆರಳ ಕವಿತೆ ಅಚ್ಚಾಗುವ ಹೊತ್ತಿಗೆ ಬೆರಳು ಒಣಗಿಹೋಗಿತ್ತು. ಗಾಯದ ಜಾಗವನ್ನೇ ನೋಡುತ್ತ ಉಳಿದ ನಾಕು ಬೆರಳು ಏನು ಮಾಡಿದವು ಎಂದು ನೋಡುವುದನ್ನು ಮರೆತೆವು.

ಏಕಲವ್ಯ ದಲಿತನೇ ಎಂದು ಕೇಳುವವರಿದ್ದಾರೆ. ಅವನು ನಿಷಾದ, ಅದೂ ದೊರೆಯ ಮಗ. ಪ್ರಶ್ನೆ ಸರಿಯಾದದ್ದೇ. ಬೇಡರ, ಆದಿವಾಸಿಗಳ ವೀರನನ್ನು ನಾವು ಹೊಲಗೇರಿಯವರು ಪುಕ್ಕಟೆ ಎತ್ತಿಕೊಳ್ಳಬಾರದು. ರಾಯಬಾಗದಿಂದ ಬಹಳ ದೂರವಿಲ್ಲದ ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಕಂಪನಿ ಸರಕಾರಕ್ಕೆ ಆಯುಧ ಒಪ್ಪಿಸಲು ಒಲ್ಲೆವೆಂದು ಸತ್ತರು. ಕೇಳಿದಾಗ ಕೊಡದವರ ಕಥೆಯೂ ಈ ಮಣ್ಣಿನಲ್ಲಿದೆ, ಅದು ಅವರ ಕಥೆ. ನಾವು ಏಕಲವ್ಯನ ಪಕ್ಕ ನಿಲ್ಲಬಹುದು, ಅವನ ಜಾಗದಲ್ಲಿ ಅಲ್ಲ.

5

ಹಾಗಾದರೆ ನಮ್ಮ ಕಡೆಯ ಕಥೆ ಯಾವುದು? ಗುರುವಿಗೆ ಮೈಯ ತುಂಡು ಕೊಟ್ಟವನೊಬ್ಬ ನಮ್ಮಲ್ಲೂ ಇದ್ದಾನೆ, ಸಮಗಾರ ಹರಳಯ್ಯ. ಹರಳಯ್ಯ ಶರಣು ಅಂದ, ಬಸವಣ್ಣ ಶರಣು ಶರಣಾರ್ಥಿ ಅಂದ. ಒಂದು ಶರಣು ಹೆಚ್ಚಾಯಿತು, ಆ ಋಣ ತೀರಿಸಲು ಗಂಡಹೆಂಡತಿ ತಮ್ಮ ತೊಡೆಯ ಚರ್ಮ ತೆಗೆದು ಚಮ್ಮಾವುಗೆ ಮಾಡಿದರು ಎಂಬುದು ಐತಿಹ್ಯ. ಬಸವಣ್ಣ ಅದನ್ನು ಕಾಲಿಗೆ ಮೆಟ್ಟಲಿಲ್ಲ. ತಲೆಯ ಮೇಲೆ ಇಟ್ಟುಕೊಂಡ, ಇದನ್ನು ತೊಡುವ ಯೋಗ್ಯತೆ ನನಗಿಲ್ಲ ಎಂದ. ಎರಡು ಕಥೆಗಳನ್ನು ಅಕ್ಕಪಕ್ಕ ಇಟ್ಟು ನೋಡಿರಿ. ದ್ರೋಣ ಕೇಳಿ ಪಡೆದ, ಬಸವಣ್ಣ ಕೇಳದೆ ಬಂದದ್ದನ್ನೂ ಬಳಸಲಿಲ್ಲ. ಆದರೂ ನನಗೆ ಒಂದು ಅನುಮಾನ ಉಳಿಯುತ್ತದೆ. ಒಂದು ನಮಸ್ಕಾರ ಹೆಚ್ಚು ಬಂದರೆ ತೊಡೆಯ ಚರ್ಮವೇ ಬೆಲೆ ಎಂದು ಹರಳಯ್ಯನಿಗೆ ಯಾಕೆ ಅನ್ನಿಸಬೇಕಾಗಿತ್ತು? ಹಿರಿಯರಿಂದ ಗೌರವ ಪಡೆದು ರೂಢಿಯಿಲ್ಲದವನಿಗೆ ಅದು ಸಾಲದ ಹಾಗೆ ಕಾಣುತ್ತದೆ. ಒಳ್ಳೆಯ ಗುರು ಸಿಕ್ಕಾಗಲೂ ನಮ್ಮವನ ಕೈ ತನ್ನ ಮೈ ಕಡೆಗೇ ಹೋಗುತ್ತದಲ್ಲ, ಇದನ್ನು ನಾವು ಭಕ್ತಿ ಎಂದಷ್ಟೇ ಓದಿದರೆ ಸಾಲದು.

ಹರಳಯ್ಯನ ಕಸುಬು ಅಥಣಿ, ನಿಪ್ಪಾಣಿ, ರಾಯಬಾಗ, ಚಿಕ್ಕೋಡಿ ಕಡೆ ಇನ್ನೂ ಇದೆ. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಗಳಲ್ಲಿ ಬಹಳಷ್ಟು ತಯಾರಾಗುವುದು ಇಲ್ಲಿ. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಕು ಜಿಲ್ಲೆಗಳ ಜೊತೆ ಬೆಳಗಾವಿ ಸೇರಿ ಕರ್ನಾಟಕದ ನಾಕು ಜಿಲ್ಲೆಗಳ ಹೆಸರೂ ಬಂತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದೇ ಚಪ್ಪಲಿಯ ಪಡಿಯಚ್ಚನ್ನು ಇವರ ಹೆಸರು ಹೇಳದೆ ಮೆರೆಸಿತು. ಗದ್ದಲವಾದ ಮೇಲೆ ಹೌದು ಅಂತು. ಏಕಲವ್ಯ ದೂರದಿಂದ ನೋಡಿ ಕಲಿತದ್ದಕ್ಕೆ ಬೆರಳು ತೆತ್ತ. ನಮ್ಮ ಸಮಗಾರರಿಂದ ದೂರ ಕೂತು ಕಲಿತವರು ಏನು ತೆತ್ತರು? ಗುರುದಕ್ಷಿಣೆ ಎಂಬ ಕಾಯಿದೆ ಯಾವಾಗಲೂ ಒಂದೇ ದಿಕ್ಕಿಗೆ ಹರಿಯುತ್ತದೆ.

ನಿಪ್ಪಾಣಿಯ ಬೀಡಿ ಕಟ್ಟುವ ಹೆಣ್ಣುಮಕ್ಕಳ ಹೆಬ್ಬೆರಳುಗಳನ್ನೂ ಇಲ್ಲಿ ನೆನೆಯಬೇಕು. ಎಲೆ ಸುತ್ತುವುದು, ತುದಿ ಮಡಚುವುದು, ಎಲ್ಲ ಹೆಬ್ಬೆರಳ ಕೆಲಸ. ನನ್ನ ಮುತ್ಯಾನ ಹೆಬ್ಬೆರಳನ್ನೂ ನೆನೆಯಬೇಕು. ಅವನಿಗೆ ಓದು ಬರಹ ಬರುತ್ತಿರಲಿಲ್ಲ, ನಮ್ಮ ವತನದ ಹೊಲ ಒಂದು ನೀಲಿ ಮಸಿಯ ಹೆಬ್ಬೆಟ್ಟಿನಲ್ಲಿ ಬೇರೆಯವರ ಪಾಲಾಯಿತು. ‘ದ್ರೋಣಗ ಕತ್ತಿ ಬೇಕಾತು, ನಮ್ಮೂರಾಗ ಮಸಿ ಸಾಕಾತು’ ಎಂದು ನಮ್ಮ ಅವ್ವ ಈಗಲೂ ಅನ್ನುತ್ತಾಳೆ. ಹಾಗೆ ಹೋದ ಮಂಜೂರಿ ಜಮೀನುಗಳನ್ನು ಮರಳಿಸಲೆಂದೇ 1978ರ ಪಿ.ಟಿ.ಸಿ.ಎಲ್. ಕಾಯಿದೆ ಬಂತು. ನಮ್ಮ ಮನೆಯಲ್ಲಿ ಕಾಗದಗಳೇ ಉಳಿದಿರಲಿಲ್ಲ. ಮುತ್ಯಾನ ಮಗ, ನನ್ನ ಅಪ್ಪ, ಸಹಿ ಹಾಕಲು ಕಲಿತ. ಪೆನ್ನು ಹಿಡಿಯುವುದೂ ಒಂದು ಹಿಡಿತವೇ.

6

ನನ್ನ ಮಾತೂ ಹಿಡಿತ ಬದಲಿಸಿಕೊಂಡೇ ಬಂದದ್ದು. ಎಂ.ಎ.ಗೆ ಹೋದಾಗ ನಾನು ‘ಐತಿ’ ‘ಬರಾಂಗಿಲ್ಲ’ ಅಂದರೆ ನಗುತ್ತಿದ್ದರು. ಆರು ತಿಂಗಳಲ್ಲಿ ‘ಇದೆ’ ‘ಬರುವುದಿಲ್ಲ’ ಕಲಿತೆ. ಪಿಎಚ್.ಡಿ.ಗೆ ಸೇರಬೇಕೆಂದಾಗ ಹಿರಿಯರೊಬ್ಬರು ವಿಷಯ ಬದಲಿಸು, ಜಾತಿ ಬೇಡ, ಛಂದಸ್ಸು ತಗೋ ಎಂದರು. ಪ್ರೀತಿಯಿಂದಲೇ ಹೇಳಿದರು. ದ್ರೋಣನೂ ಪ್ರೀತಿಯಿಂದಲೇ ಕೇಳಿರಬೇಕು. ಏಕಲವ್ಯನ ಎರಡನೆಯ ಕಲಿಕೆ ನನಗೆ ಅರ್ಥವಾಗಲು ಶುರುವಾದದ್ದು ಅಲ್ಲಿಂದ. ಮೊದಲ ಸಲ ಕಲಿಯುವಾಗ ಅವನ ಮುಂದೆ ಮಣ್ಣಿನ ಮೂರ್ತಿಯಾದರೂ ಇತ್ತು. ಎರಡನೆಯ ಸಲ ಅದೂ ಇಲ್ಲ, ಆ ಮೂರ್ತಿಯ ವಿದ್ಯೆಯೇ ಹೆಬ್ಬೆರಳ ವಿದ್ಯೆ. ಬಾಣವನ್ನು ಯಾವ ಕಡೆ ಇಡಬೇಕು, ಎಷ್ಟು ಬೆರಳಿಗೆ ಭಾರ ಹಂಚಬೇಕು ಎಂಬುದನ್ನು ಅವನು ಯಾರನ್ನೂ ಕೇಳದೆ ಕಂಡುಕೊಳ್ಳಬೇಕಾಯಿತು. ಗುರುವಿಲ್ಲದ ವಿದ್ಯೆ ಅವನಿಗೆ ದಕ್ಕಿದ್ದು ಆಗಲೇ.

ನನ್ನ ಈ ಓದಿನಲ್ಲಿ ಒಂದು ಅಪಾಯವಿದೆ, ಅದನ್ನು ಮುಚ್ಚಿಡಬಾರದು. ‘ನೋಡ್ರಿ, ಹೆಬ್ಬಟ್ಟ ಇಲ್ದನೂ ಬಿಡಾಕ ಬರ್ತೈತಿ, ಮತ್ಯಾಕ ಅಳ್ತೀರಿ? ಮೀಸಲಾತಿ ಯಾಕ ಬೇಕ?’ ಎನ್ನುವವರು ಸಿದ್ಧರಾಗಿ ಕೂತಿದ್ದಾರೆ. ಅವರಿಗೆ ಉತ್ತರ ಅದೇ ಆದಿಪರ್ವದಲ್ಲಿದೆ. ಉಳಿದ ಬೆರಳುಗಳಿಂದ ಎಳೆದ ಎಂದು ಹೇಳಿದ ಕೂಡಲೇ ಮೊದಲಿನ ವೇಗವಿರಲಿಲ್ಲ ಎಂದೂ ಅದು ಹೇಳುತ್ತದೆ. ಎರಡು ಮಾತನ್ನೂ ಒಟ್ಟಿಗೇ ಓದಬೇಕು. ಮೊದಲನೆಯದನ್ನು ಬಿಟ್ಟರೆ ಏಕಲವ್ಯ ಬರೀ ಗಾಯವಾಗುತ್ತಾನೆ, ಎರಡನೆಯದನ್ನು ಬಿಟ್ಟರೆ ಅನ್ಯಾಯವೇ ಮಾಯವಾಗುತ್ತದೆ. ಮೀಸಲಾತಿ ಬೆರಳನ್ನು ಮರಳಿ ಹಚ್ಚುವುದಿಲ್ಲ, ಕಸಿದ ವೇಗಕ್ಕೆ ಲೆಕ್ಕ ಹಿಡಿಯುತ್ತದೆ, ಅಷ್ಟೇ. ದಲಿತ ವಿಮರ್ಶೆ ಗಾಯವನ್ನೂ ಕೈಯನ್ನೂ ಒಟ್ಟಿಗೆ ನೋಡುವ ಓದಾಗಬೇಕು ಎಂಬುದಷ್ಟೇ ನನ್ನ ವಾದ.

ನಮ್ಮ ಸರಕಾರಗಳ ತಮಾಷೆಯನ್ನೂ ನೋಡಿರಿ. ಆಡುವವನಿಗೆ ಅರ್ಜುನ ಪ್ರಶಸ್ತಿ, ಕಲಿಸುವವನಿಗೆ ದ್ರೋಣಾಚಾರ್ಯ ಪ್ರಶಸ್ತಿ. ರಾಜಸ್ಥಾನದ ಆದಿವಾಸಿ ಮನೆಯಿಂದ ಬಂದು ಮೂರು ಒಲಿಂಪಿಕ್ಸಿನಲ್ಲಿ ಬಿಲ್ಲು ಹಿಡಿದ ಲಿಂಬಾರಾಮ್‌ಗೆ 1991ರಲ್ಲಿ ಕೊಟ್ಟದ್ದು ಅರ್ಜುನನ ಹೆಸರನ್ನು! ಕರ್ನಾಟಕ ಸರಕಾರ ಏಕಲವ್ಯ ಪ್ರಶಸ್ತಿ ಇಟ್ಟಿದೆ, ಒಳ್ಳೆಯದು. ಆದರೆ ದ್ರೋಣನ ಹೆಸರು ತೆಗೆಯೋಣ ಎಂದು ಯಾರಿಗೂ ಅನ್ನಿಸಿಲ್ಲ.

1925ರ ಏಪ್ರಿಲ್‌ನಲ್ಲಿ ಅಂಬೇಡ್ಕರ್ ನಿಪ್ಪಾಣಿಗೆ ಬಂದಿದ್ದರು, ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತಿಗೆ. ಹಿಂದಿನ ವರ್ಷವಷ್ಟೇ ಬಹಿಷ್ಕೃತ ಹಿತಕಾರಿಣಿ ಸಭೆ ಕಟ್ಟಿದ್ದರು. ಮುಂದೆ ಅವರು ತಮ್ಮ ಗುರುಗಳು ಮೂವರು ಎಂದರು: ಬುದ್ಧ, ಕಬೀರ, ಫುಲೆ. ಅಂಬೇಡ್ಕರ್ ಹುಟ್ಟುವ ಹೊತ್ತಿಗೆ ಮೂವರೂ ಇರಲಿಲ್ಲ, ಫುಲೆ ಹೋಗಿ ಕೆಲವೇ ತಿಂಗಳಾಗಿತ್ತು. ಅವರೂ ಏಕಲವ್ಯನ ಹಾಗೆ ಗುರುವನ್ನು ತಾವೇ ಮಾಡಿಕೊಂಡರು. ಆದರೆ ಎದ್ದು ಬಂದು ಬೆರಳು ಕೇಳದವರನ್ನು ಆರಿಸಿಕೊಂಡರು.

ಕೊನೆಗೆ ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಹೌದಪಾ, ಹೆಬ್ಬಟ್ಟ ಇಲ್ದನೂ ಬಿಡಾಕ ಬರ್ತೈತಿ, ಅಂವ ಬಿಟ್ಟಾನ. ಅಶ್ವಮೇಧದ ಕುದುರೆ ನಿಷಾದರ ನಾಡಿಗೆ ಬಂದಾಗ ಏಕಲವ್ಯನ ಮಗ ಅದನ್ನು ತಡೆದು ಅರ್ಜುನನ ಎದುರು ಯುದ್ಧಕ್ಕೆ ನಿಂತ ಎಂದು ಅಶ್ವಮೇಧಿಕ ಪರ್ವದಲ್ಲಿದೆ. ಸೋತ, ಆದರೆ ನಿಂತ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: ‘ಆ ಮಗಗ ಬಿಲ್ಲ ಹಿಡ್ಯಾಕ ಯಾರ ಕಲಿಸಿದ್ರ್ರಿ ಸರ್ರ? ಅವ್ನ ಹೆಬ್ಬಟ್ಟ ಇತ್ತಲ್ರಿ, ಅಪ್ಪ ಯಾವ ಬಳ್ಳೀಲೆ ಜಗ್ಗಂತ ಹೇಳಿರಬೇಕು?’

ಮಹಾಭಾರತ ಇದನ್ನು ಹೇಳುವುದಿಲ್ಲ. ಬರೆಯುವ ಕೆಲಸ ನಮ್ಮದು.